ಅದು ಹಮ್ಮಿಂಗ್‌ಬರ್ಡ್ ಅಲ್ಲ

ಬೆಳಗ್ಗೆಯಿಂದ ತಡಕೊಂಡಿದ್ದೆ, ಆಗಲಿಲ್ಲ. ನಮ್ಮ ಬಚ್ಚಲ ಹಿಂದೆ ಒಂದು ಬಾಳೆಹಿಂಡು ಇದೆ. ಅಲ್ಲೊಂದು ಹಕ್ಕಿ ಬಾಳೆಕುಂಡಿಗೆಗೆ, ಅಂದ್ರೆ ಬಾಳೆಯ ಹೂವಿಗೆ, ತಲೆಕೆಳಗಾಗಿ ಜೋತುಬಿದ್ದು ಮಕರಂದ ಹೀರ್ತಿತ್ತು. ಮನೆಗೆ ಬಂದಿದ್ದ ನೆಂಟರ ಹುಡುಗ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದ: "ಮಲೆನಾಡಿನ ಹಮ್ಮಿಂಗ್‌ಬರ್ಡ್!" ಎಲ್ಲರೂ ಹೃದಯ ಒತ್ತಿದ್ದೇ ಒತ್ತಿದ್ದು.

ಅಲ್ಲಪ್ಪಾ, ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಇದು ನಮ್ಮ ಸ್ಪೈಡರ್‌ಹಂಟರ್, ಸೂರಕ್ಕಿಗಳ (ಸನ್‌ಬರ್ಡ್) ಬಳಗದ್ದು. ಪಶ್ಚಿಮಘಟ್ಟದಲ್ಲಿದೆ, ಆಮೇಲೆ ಈಶಾನ್ಯ ಭಾರತ ಮತ್ತು ಅದರಾಚೆಯ ಆಗ್ನೇಯ ಏಷ್ಯಾದ ಕಾಡುಗಳಲ್ಲಿದೆ. ಬೆನ್ನು ಪಾಚಿಹಸಿರು, ಹೊಟ್ಟೆ ಹಳದಿ, ತಲೆಗಿಂತ ಎಷ್ಟೋ ಉದ್ದದ ಬಾಗಿದ ಕೊಕ್ಕು. ಹಮ್ಮಿಂಗ್‌ಬರ್ಡಿನ ಹಾಗೆ ಗಾಳಿಯಲ್ಲಿ ನಿಂತು ಕುಡಿಯೋದು ಇದರ ರೂಢಿಯಲ್ಲ. ಕುಂಡಿಗೆಗೆ ಉಗುರೂರಿ, ಕೊಕ್ಕು ತೂರಿಸಿ, ಮೈಗೆ ಪರಾಗ ಮೆತ್ತಿಕೊಂಡು 'ಚೀ' ಅಂತ ಚೀರಿ ಮುಂದಿನ ಬಾಳೆಗೆ ಬಾಣದ ಹಾಗೆ ಹಾರುತ್ತೆ. ಜೇಡ, ಹುಳುಗಳನ್ನೂ ಹಿಡಿದು ತಿನ್ನುತ್ತೆ.

"ಹೆಸರು ಏನಾದರೇನು, ಚೆಂದ ಇದೆ ಅಂತ ನೋಡಿದರಲ್ಲ, ಸಾಲದಾ?" ಅಂದರು ಒಬ್ಬರು. ಸಾಲದು. ಹಮ್ಮಿಂಗ್‌ಬರ್ಡ್ ಅಂದುಕೊಂಡವರು ಅದರ ಗೂಡನ್ನ ಬಾಳೆಎಲೆಯ ಅಡಿ ಹುಡುಕೋದಿಲ್ಲ. ಇದು ಗೂಡು ಕಟ್ಟೋದೇ ಅಲ್ಲಿ! ಅಗಲ ಎಲೆಯೇ ಅದರ ಸೂರು. ಒಣಎಲೆ, ನಾರು ಸೇರಿಸಿದ ಗೂಡನ್ನ ಎಲೆಯ ಅಡಿಗೆ ಹೊಲಿದುಬಿಡುತ್ತೆ. ಜೇಡರ ನೂಲು, ನಾರಿನ ಎಳೆಗಳನ್ನ ಕೊಕ್ಕಿನಿಂದ ಎಲೆ ತೂತುಮಾಡಿ ಮೇಲಕ್ಕೆ ದಾಟಿಸಿ, ಜಾರದ ಹಾಗೆ ತುದಿಯನ್ನ ಅಂಗಿ ಗುಂಡಿಯಂತೆ ಉಬ್ಬಿಸುತ್ತೆ. ಆ ಕಸುಬನ್ನ ನೋಡಿದ ದಿನ ನಾನು ತುಂಬ ಹೊತ್ತು ಮಾತಾಡಲಿಲ್ಲ.

ನೋಡಿದ್ದು ಹೇಗೆ ಅನ್ನೋದನ್ನ ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಊಟಕ್ಕೆ ಎಲೆ ಕೊಯ್ದೆ. ಅಂಗಳಕ್ಕೆ ತಂದು ಮಗುಚಿದರೆ ಅಡಿಯಲ್ಲಿ ಗೂಡು. ಎರಡು ಮೊಟ್ಟೆ, ಒಂದು ಒಡೆದಿತ್ತು. ಎಲೆಯನ್ನ ವಾಪಸ್ ಒಯ್ದು ದಿಂಡಿಗೆ ಕಟ್ಟಿದೆ. ಹಕ್ಕಿಗಳು ಎರಡು ದಿನ ಸುತ್ತಿ ಸುತ್ತಿ ಕೂಗಿದವು, ಗೂಡಿಗೆ ಬರಲಿಲ್ಲ. ಆ ಕೂಗು ಇನ್ನೂ ಕಿವಿಯಲ್ಲಿದೆ. ಆಗ ನನಗೂ ಅದು 'ಯಾವುದೋ ಉದ್ದ ಕೊಕ್ಕಿನ ಹಕ್ಕಿ' ಅಷ್ಟೇ ಆಗಿತ್ತು. ಯಾವ ಹಕ್ಕಿ ಅಂತ ಮೊದಲೇ ತಿಳಿದಿದ್ದರೆ ಕತ್ತಿ ಹಾಕೋ ಮೊದಲು ಒಮ್ಮೆ ಬಗ್ಗಿ ನೋಡ್ತಿದ್ದೆ.

ಅದಕ್ಕೇ ಹೇಳೋದು, ಅದನ್ನ ಹಮ್ಮಿಂಗ್‌ಬರ್ಡ್ ಅನ್ನಬೇಡಿ.

ಹುಡುಗನನ್ನ ಮಧ್ಯಾಹ್ನ ಬಾಳೆಯ ಹತ್ತಿರ ಕರೆದೊಯ್ದೆ. ಮೂರನೇ ಎಲೆಯ ಮೇಲೆ ಬಿಳಿ ಚುಕ್ಕಿಗಳ ಸಾಲು ಕಾಣಿಸಿತು. "ಏನಿದು ಮಾವ, ರೋಗವಾ?" ಅಂದ. ಮುಟ್ಟಬೇಡ ಅಂತ ಕೈ ಹಿಡಿದು, ಬಗ್ಗಿಸಿ, ಅಡಿಯಲ್ಲಿ ತೋರಿಸಿದೆ.