ಅಲ್ಲಾಡದೆ ಕೂರುವ ವಸ್ತುಗಳ ಉಪದ್ವ್ಯಾಪ

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಸೀಮೆಯ ಹವ್ಯಾಸಿ ಛಾಯಾಗ್ರಾಹಕರಿಗೆ ಸೂತಕ ಬಂದಂತೆಯೇ ಸರಿ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಸಂಸಾರ ಹೂಡಿರುತ್ತವೆಂಬುದು ಗೊತ್ತಿದ್ದರೂ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಕೊನೆಗೆ ಒಣಗಿ ಉಳಿಯುವುದು ಕೊಡೆಯ ಹಿಡಿ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆಂದು ನಾವು ಬೇಸಿಗೆಯಲ್ಲಿ ಬಯಲುಸೀಮೆಯ ನೆಂಟರೆದುರು ಜಂಬ ಕೊಚ್ಚಿಕೊಳ್ಳುತ್ತೇವೆ. ಜುಲೈ ತಿಂಗಳಲ್ಲಿ ಆ ಜಂಬಕ್ಕೆ ಬಡ್ಡಿ ಸಮೇತ ಬೆಲೆ ತೆರುತ್ತೇವೆ.

ಇಂಥ ಒಂದು ಜುಲೈನಲ್ಲಿ ನಮ್ಮ ಐದು ಜನರ ಗುಂಪಿನಲ್ಲಿ ಒಂದು ಪಂಥ ಹುಟ್ಟಿತು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೆಡಿಕಲ್ ಶಾಪಿನ ಮಾಲೀಕರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ, ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಮತ್ತು ನಾನು, ಇಷ್ಟೇ ನಮ್ಮ ಗುಂಪು. ಮನೆಯೊಳಗಿನ ವಸ್ತುಗಳನ್ನಷ್ಟೇ ಜೋಡಿಸಿ, ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ತಿಂಗಳೊಳಗೆ ತಲಾ ಒಂದು ಸ್ಟಿಲ್ ಲೈಫ್ ಚಿತ್ರ ತೆಗೆಯತಕ್ಕದ್ದು. ಕಳಪೆ ಚಿತ್ರದವರು ಉಳಿದವರಿಗೆ ತಿಂಡಿ ಕೊಡಿಸತಕ್ಕದ್ದು. ಸ್ಟಿಲ್ ಲೈಫಿಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಚರ್ಚೆಯೂ ನಡೆಯಿತು. ಮಂಡಿಯ ಹುಡುಗ 'ಸ್ತಬ್ಧಚಿತ್ರ' ಎಂದ. ಅದು ದಸರಾ ಮೆರವಣಿಗೆಯಲ್ಲಿ ಲಾರಿಯ ಮೇಲೆ ಬರುವಂಥದ್ದೆಂದು ಮೇಷ್ಟ್ರು ಗದರಿದರು. ಫ್ರೆಂಚರು ಇದಕ್ಕೆ 'ಸತ್ತ ಪ್ರಕೃತಿ' ಎಂಬ ಅರ್ಥ ಬರುವ ಹೆಸರಿಟ್ಟಿದ್ದಾರೆಂದು ಅವರೇ ತಿಳಿಸಿದ ಮೇಲೆ, ಶ್ರಾವಣದ ಹೊಸ್ತಿಲಲ್ಲಿ ಅಂಥ ಮಾತು ಬೇಡವೆಂದು ಎಲ್ಲರೂ ಇಂಗ್ಲಿಷ್ ಹೆಸರಿಗೇ ಒಪ್ಪಿಕೊಂಡೆವು.

ಮೇಷ್ಟ್ರು ಪಾಠವನ್ನೂ ಮಾಡಿದರು. ಫೋಟೋಗ್ರಫಿಯ ಶೈಶವದಲ್ಲಿ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿದ್ದು, ಮನುಷ್ಯರು ಅಷ್ಟು ಹೊತ್ತು ಅಲುಗಾಡದೆ ಇರಲಾರರಾದ್ದರಿಂದ ಫ್ರಾನ್ಸಿನ ಡಾಗೇರ್ 1837ರಲ್ಲಿ ತನ್ನ ಕೋಣೆಯ ಮೂಲೆಯಲ್ಲಿದ್ದ ಪ್ಲಾಸ್ಟರ್ ಗೊಂಬೆಗಳನ್ನೇ ಚಿತ್ರಿಸಿದನಂತೆ. ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗೆ ಕೂರಿಸಿ ತೆಗೆದ ಚಿತ್ರ ಇಂದಿಗೂ ಜಗತ್ಪ್ರಸಿದ್ಧವಂತೆ. ಅಲುಗಾಡದ ವಸ್ತು, ಒಂದು ಲಾಳಿಕೆ, ಒಂದು ತರಕಾರಿ: ಇಷ್ಟರಲ್ಲಿ ಜಗತ್ಪ್ರಸಿದ್ಧಿ ಸಾಧ್ಯವಿರುವಾಗ ನಾನು ತಿಂಡಿಯ ಬಿಲ್ಲಿನ ಬಗ್ಗೆ ಚಿಂತಿಸುವ ಅಗತ್ಯ ಕಾಣಲಿಲ್ಲ.

ನಮ್ಮ ಮನೆಯಲ್ಲಿದ್ದ ಲಾಳಿಕೆ ಸೀಮೆಎಣ್ಣೆಯದು. ಅದನ್ನು ಸಾಬೂನಿನಿಂದ ಎರಡು ಸಲ ತೊಳೆದೆನೆಂದು ಇಂದಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಚಿತ್ರವೇನೋ ಬಂತು, ಆದರೆ ಮೆಣಸಿನಕಾಯಿ ಜಗತ್ಪ್ರಸಿದ್ಧವಾಗುವ ಲಕ್ಷಣ ತೋರದೆ, ಲಾಳಿಕೆಯಲ್ಲಿ ಸಿಕ್ಕಿಹಾಕಿಕೊಂಡ ಮೆಣಸಿನಕಾಯಿಯಂತೆಯೇ ಕಾಣುತ್ತಿತ್ತು. ವೆಸ್ಟನ್ ಚಿತ್ರ ತೆಗೆದಾದ ಮೇಲೆ ತನ್ನ ತರಕಾರಿಗಳನ್ನು ತಿಂದುಬಿಡುತ್ತಿದ್ದನೆಂದು ಕೇಳಿದ್ದ ನಾನು ಅದನ್ನು ಸದ್ದಿಲ್ಲದೆ ಅಡುಗೆಮನೆಯ ಬುಟ್ಟಿಗೆ ಹಾಕಿದೆ. ಮಧ್ಯಾಹ್ನದ ಪಲ್ಯದ ಮೊದಲ ತುತ್ತಿಗೇ ಅಮ್ಮ ನನ್ನ ಮುಖ ನೋಡಿದರು. ಆ ವಿಷಯವನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಮುಂದಿನ ಪ್ರಯೋಗವನ್ನು ಮನೆಯವರ ಕಣ್ಣಿಗೆ ಬೀಳದಂತೆ ಮೆತ್ತಿನ, ಅಂದರೆ ಮಹಡಿಯ, ಮೇಲೆ ನಡೆಸಲು ತೀರ್ಮಾನಿಸಿದೆ. ನಮ್ಮದು ಅಜ್ಜನ ಕಾಲದ ಮನೆ. ಗೋಡೆಗಳು ಒಂದೂವರೆ ಅಡಿ ದಪ್ಪ, ಕಿಟಕಿಗಳು ಹಿಡಿಯಷ್ಟು. ಬೆಳಕನ್ನು ಗ್ರಹಿಸುವ ಚುರುಕು, ಅಂದರೆ ಐಎಸ್‌ಒ, 100 ಎಂದೂ, ಲೆನ್ಸಿನ ಕಂಡಿ, ಅಂದರೆ ಅಪರ್ಚರ್, ಕಿರಿದಾಗಿ ಎಫ್ 11 ಎಂದೂ ಇಟ್ಟುಕೊಂಡರೆ ಆ ಮಬ್ಬಿನಲ್ಲಿ ಶಟರ್ ಹದಿನೈದು ಸೆಕೆಂಡು ತೆರೆದಿರಬೇಕಾಗುತ್ತಿತ್ತು. ಟ್ರೈಪಾಡ್ ಇದೆಯಲ್ಲ ಎಂಬ ಧೈರ್ಯದಿಂದ ಹಿತ್ತಾಳೆ ಚೊಂಬು, ಕಡಗೋಲು, ಅಪ್ಪೆಮಿಡಿಯ ಭರಣಿಗಳನ್ನು ಜೋಡಿಸಿ ಕ್ಲಿಕ್ಕಿಸಿದರೆ ಪ್ರತಿ ಚಿತ್ರದಲ್ಲೂ ಚೊಂಬು ಎರಡೆರಡಾಗಿ ಕಾಣುತ್ತಿತ್ತು. ಲೆನ್ಸಿಗೆ ಬೂಸು ಹಿಡಿದಿರಬೇಕೆಂದು ಗಾಬರಿಯಾಗಿ ಒರೆಸಿದೆ, ಟಾರ್ಚು ಬಿಟ್ಟು ನೋಡಿದೆ. ಅರ್ಧ ದಿನ ಕಳೆದ ಮೇಲೆ ಕಾರಣ ಹೊಳೆಯಿತು. ಮೆತ್ತಿನದು ಹಲಗೆಯ ನೆಲ. ಅಲ್ಲಿ ಯಾರಾದರೊಬ್ಬರು ಒಂದು ಹೆಜ್ಜೆ ಇಟ್ಟರೆ ಸಾಕು, ಹಲಗೆಯ ಜೊತೆ ಟ್ರೈಪಾಡೂ, ಅದರ ತಲೆಯ ಮೇಲಿನ ಕ್ಯಾಮೆರಾವೂ ತಲೆದೂಗುತ್ತಿದ್ದವು. ಆ ಮೇಲೆ ಶಟರ್ ಒತ್ತುವ ಮುನ್ನ "ಯಾರೂ ಓಡಾಡಬೇಡಿ!" ಎಂದು ಕೂಗತೊಡಗಿದೆ. ಹಪ್ಪಳದ ಡಬ್ಬಿ ತರಲು ಮೆತ್ತು ಹತ್ತಿ ಬಂದಿದ್ದ ಮಗಳು ಒಂದು ಕಾಲನ್ನು ಎತ್ತಿದ್ದ ಹಾಗೆಯೇ ಹದಿನೈದು ಸೆಕೆಂಡು ನಿಂತು, ಕೊನೆಯ ಸೆಕೆಂಡಿನಲ್ಲಿ ಡಬ್ಬಿಯ ಸಮೇತ ಬಿದ್ದಳು. ಅಷ್ಟರಲ್ಲಿ ಭರಣಿಯ ಮುಚ್ಚಳ ತೆರೆದಿಟ್ಟದ್ದನ್ನು ಅಮ್ಮ ಕಂಡರು. "ಮಿಡಿ ಹಾಳಾದ್ರೆ ವರ್ಷವಿಡೀ ನಿನ್ನ ಫೋಟೋ ನೆಕ್ಕಿಕೊಂಡು ಮೊಸರನ್ನ ಉಣ್ಣು" ಎಂದು ಭರಣಿಯನ್ನು ವಾಪಸು ಕೊಂಡೊಯ್ದರು.

ಕೊನೆಗೆ ನನ್ನ ಕಣ್ಣು ಬಿದ್ದದ್ದು ಕವಳದ ತಟ್ಟೆಯ ಮೇಲೆ. ಅದನ್ನು ಕೆಳಗೆ ಜಗಲಿಗೇ ತಂದೆ. ಅಲ್ಲಿನ ನೆಲ ಗಟ್ಟಿ, ಮಳೆಗಾಲದ ಮೋಡದ ಬೆಳಕು ಮೆತ್ತಗೆ. ಹಿತ್ತಾಳೆ ತಟ್ಟೆ, ಬೀಸಣಿಗೆಯಂತೆ ಹರಡಿದ ಐದು ಎಲೆ, ಮೂರು ಕೆಂಪಡಕೆ, ಸುಣ್ಣದ ಡಬ್ಬಿ, ಬಾಯಿ ತೆರೆದ ಅಡಕತ್ತರಿ. ವಸ್ತುಗಳು ಬೆಸ ಸಂಖ್ಯೆಯಲ್ಲಿದ್ದರೆ ನೋಟಕ್ಕೆ ಹಿತವೆಂಬ ಮೇಷ್ಟ್ರ ಮಾತನ್ನು ಅಕ್ಷರಶಃ ಪಾಲಿಸಿದ್ದೆ. ಎಲೆಯ ಮೇಲೆ ಮಳೆಹನಿ ಕೂತಂತೆ ಕಾಣಬೇಕಿತ್ತು. ಬರಿಯ ನೀರು ಜಾರಿಹೋಗುತ್ತದಾದ್ದರಿಂದ ಗ್ಲಿಸರಿನ್ ಬೆರೆಸಿ ಚಿಮುಕಿಸಿದರೆ ಹನಿಗಳು ಗಂಟೆಗಟ್ಟಲೆ ಕದಲುವುದಿಲ್ಲವೆಂದು ಮೆಡಿಕಲ್ ಶಾಪಿನವರು ಹೇಳಿಕೊಟ್ಟಿದ್ದರು. ಬಚ್ಚಲ ಕಪಾಟಿನಲ್ಲಿ ಹಿಮ್ಮಡಿಯ ಬಿರುಕಿಗೆಂದು ಇಟ್ಟಿದ್ದ ಬಾಟಲಿ ಹೇಗೂ ಇತ್ತು, ನಿಯಮಭಂಗವೂ ಆಗಲಿಲ್ಲ. ಒಂದೊಂದೇ ಹನಿಯನ್ನು ಮಗಳ ಬಣ್ಣದ ಕುಂಚದಿಂದ ಎಲೆಯ ನರದ ಗುಂಟ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಇಷ್ಟಾಗಿ, ಕ್ಯಾಮೆರಾದ ಬ್ಯಾಟರಿ ತರಲು ಒಳಗೆ ಹೋದೆ.

ಮಲೆನಾಡಿನಲ್ಲಿ ಜಗಲಿಯ ಮೇಲಿರುವ ಕವಳದ ತಟ್ಟೆ ಯಾರ ಸ್ವತ್ತೂ ಅಲ್ಲವೆಂಬುದನ್ನು ನಾನು ಆ ಕ್ಷಣದಲ್ಲಿ ಮರೆತದ್ದು ನನ್ನದೇ ತಪ್ಪು. ಹೊರಬಂದು ನೋಡಿದರೆ ಕೆಳಮನೆಯ ಹಿರಿಯರು ಕಂಬಳಿಕೊಪ್ಪೆಯನ್ನು ಕಂಬಕ್ಕೆ ತೂಗುಹಾಕಿ, ಕಾಲು ನೀಡಿ ಕುಳಿತು, ಮೂರನೆಯ ಎಲೆಯ ತೊಟ್ಟು ಮುರಿಯುತ್ತಿದ್ದರು. ಎಲೆಯನ್ನು ತೊಡೆಯ ಮೇಲೆ ಹಿಂದೆಮುಂದೆ ಒರೆಸಿ, ಹೆಬ್ಬೆರಳಿನಿಂದ ಸುಣ್ಣ ಸವರಿ, ಮಡಚಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

"ಎಲೆ ಎಷ್ಟು ಸೀ ಇದೆ ಮಾರಾಯ! ಯಾವ ಮರಕ್ಕೆ ಹಬ್ಬಿಸಿದ್ದು?"

ಗ್ಲಿಸರಿನ್ನಿಗೆ ಸಿಹಿ ರುಚಿ ಇರುತ್ತದೆಂಬುದು ನನಗೆ ಗೊತ್ತಾದದ್ದು ಹೀಗೆ. "ಬಾವಿ ಕಟ್ಟೆಯ ಪಕ್ಕದ ಅಡಕೆ ಮರಕ್ಕೆ" ಎಂದು ತೊದಲಿ, ಒಳಗೋಡಿ ಮೆಡಿಕಲ್ ಶಾಪಿನವರಿಗೆ ಫೋನು ಹಚ್ಚಿದೆ. "ಕೆಮ್ಮಿನ ಸಿರಪ್ಪಿನಲ್ಲೂ ಅದೇ ಇರ್ತದೆ, ನಾಲ್ಕು ಹನಿಗೆ ಏನೂ ಆಗೋದಿಲ್ಲ" ಎಂದು ಧೈರ್ಯ ಹೇಳಿದ ಆ ಮಹಾನುಭಾವರು, ಮರುಕ್ಷಣವೇ "ಫೋಟೋ ಬಂತಾ?" ಎಂದು ಕೇಳಿದರು. ಉಳಿದ ಎರಡು ಎಲೆಗಳನ್ನಾದರೂ ಚಿತ್ರಿಸೋಣವೆಂದು ಹೊರಬಂದಾಗ ತಟ್ಟೆಯಲ್ಲಿ ಎಲೆ ಒಂದೂ ಇರಲಿಲ್ಲ. ಹಿರಿಯರು ದಾರಿಗೆಂದು ಒಂದು ಕವಳ ಕಟ್ಟಿಕೊಂಡು ಹೊರಟಿದ್ದರು.

ಗಡುವು ಮರುದಿನವೇ ಇತ್ತು. ರಾತ್ರಿ ಬಲ್ಬಿನ ಹಳದಿ ಬೆಳಕಿನಲ್ಲಿ ಬರಿಯ ತಟ್ಟೆ ಮತ್ತು ಅಡಕತ್ತರಿಯ ಚಿತ್ರವೊಂದನ್ನು ತೆಗೆದು ಒಪ್ಪಿಸಿದೆ. ಮೇಷ್ಟ್ರು ಅದನ್ನು ನೋಡಿ, "ಕಾಮಾಲೆಯಾಗಿದೆ" ಎಂದಷ್ಟೇ ಹೇಳಿದರು. ಗೆದ್ದವರು ಬ್ಯಾಂಕಿನ ಮೇಡಂ. ಸಾರಿಗೆ ಕಾಯಿ ತುರಿಯುವ ಮುಂಚೆ ಅರ್ಧ ಹೋಳನ್ನು ಹೆರೆಮಣೆಯ ಮೇಲಿಟ್ಟು, ಹಿಂದೆ ಕಪ್ಪು ರವಿಕೆ ಬಟ್ಟೆ ಹಿಡಿದು, ನೆರಳಿನ ಪಕ್ಕಕ್ಕೆ ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನನ್ನು ಆನಿಸಿ, ಮೊಬೈಲಿನಲ್ಲಿ ಐದು ನಿಮಿಷದಲ್ಲಿ ತೆಗೆದ ಚಿತ್ರ ಅವರದು. ಕಿಟಕಿಯ ಬೆಳಕು ಕಾಯಿಯ ಬಿಳುಪಿನ ಅಂಚಿನಿಂದ ಕರಟದ ನಾರಿನವರೆಗೆ ಇಳಿದು ಬಂದ ರೀತಿಯನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಆದರೂ ಬಹಳ ಹೊತ್ತು ನೋಡಿದೆ. ಆ ಮೇಲೆ ಅವರು ಕಾಯಿ ತುರಿದು ಸಾರು ಮಾಡಿದರಂತೆ. ಮನೆಯಲ್ಲಿ ಯಾರಿಗೂ ವಿಷಯವೇ ತಿಳಿಯಲಿಲ್ಲವಂತೆ. ತಿಂಡಿಯ ಬಿಲ್ಲು ನಾನು ಕೊಟ್ಟೆ. ಮಂಡಿಯ ಹುಡುಗ ಎರಡು ಮಸಾಲೆದೋಸೆ ತಿಂದ.

ಕೆಳಮನೆಯ ಹಿರಿಯರು ಮಾತ್ರ ಮರುವಾರವೇ ಕತ್ತಿ, ಬಾಳೆಪಟ್ಟೆಗಳ ಸಮೇತ ಬಂದು ಬಾವಿ ಕಟ್ಟೆಯ ಪಕ್ಕದ ಬಳ್ಳಿಯಿಂದ ನಾಲ್ಕು ತುಂಡು ಕತ್ತರಿಸಿಕೊಂಡು ಹೋದರು. ಈಗ ಅದು ಅವರ ತೋಟದಲ್ಲಿ ಆಳೆತ್ತರ ಹಬ್ಬಿದೆ. ಮೊನ್ನೆ ಸಿಕ್ಕಾಗ, ಎಲೆ ಚೆನ್ನಾಗಿಯೇ ಬಿಡುತ್ತಿದೆ, ಆದರೆ ನಿಮ್ಮ ಮನೆಯ ಆ ಸಿಹಿ ಬರುತ್ತಿಲ್ಲ ಎಂದು ಪೇಚಾಡಿಕೊಂಡರು; ತಮ್ಮ ಮಣ್ಣಿನಲ್ಲೇ ಏನೋ ಕೊರತೆ ಇರಬೇಕೆಂದು ಹೇಳಿ, ನಾವು ಬುಡಕ್ಕೆ ಯಾವ ಗೊಬ್ಬರ ಹಾಕುತ್ತೇವೆಂದು ದನಿ ತಗ್ಗಿಸಿ ಕೇಳಿದರು.