ಮೇರಿ ಸ್ಲೆಸರ್ ಅವರನ್ನು ಮರೆತಿರಲ್ಲ
ಕ್ರೈಸ್ತ ಮಿಷನರಿಗಳ ಕುರಿತ ಲೇಖನವೊಂದನ್ನು ಓದಿದೆ. ಆಫ್ರಿಕಾದಲ್ಲಿ ಅವರು ಮಾಡಿದ್ದು ಬರೀ ಮತಾಂತರ ಅಂತ ಅದರ ಲೇಖಕರು ಒಂದೇ ಮಾತಲ್ಲಿ ಮುಗಿಸಿದ್ದಾರೆ. ಒಪ್ಪಲು ಮನಸ್ಸು ಬರಲಿಲ್ಲ. ಸ್ಕಾಟ್ಲೆಂಡಿನ ಮಿಷನರಿ ಮೇರಿ ಸ್ಲೆಸರ್ 11ನೇ ವಯಸ್ಸಿಗೇ ಅಲ್ಲಿನ ಡಂಡಿ ನಗರದ ಬಟ್ಟೆ ಗಿರಣಿ ಸೇರಿದವರು. ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ. ಬಡತನ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1876ರಲ್ಲಿ ಈಗಿನ ನೈಜೀರಿಯಾದ ಕಲಬಾರ್‌ಗೆ ಹೋದರು. ಅವಳಿ ಹುಟ್ಟಿದರೆ ಕೇಡು ಎಂದು ನಂಬಿ ಕೂಸುಗಳನ್ನು ಕಾಡಿಗೆ ಬಿಡುತ್ತಿದ್ದ, ಬಾಣಂತಿಯನ್ನೂ ಊರಾಚೆ ಅಟ್ಟುತ್ತಿದ್ದ ಕಾಲವದು. ಮೇರಿ ಆ ಹಸುಗೂಸುಗಳನ್ನು ಎತ್ತಿ ತಂದು ತಮ್ಮ ಮಣ್ಣಿನ ಮನೆಯಲ್ಲೇ ಸಾಕಿದರು. ಅಲ್ಲಿನ ಎಫಿಕ್ ಭಾಷೆ ಕಲಿತು ಅಲ್ಲಿಯವರಂತೆಯೇ ಬದುಕಿ, 1915ರಲ್ಲಿ ಅಲ್ಲೇ ತೀರಿಕೊಂಡರು.

ಈಗಿನ ಕೆಲವು ಮಿಷನರಿಗಳ ಬಗ್ಗೆ ನನಗೂ ತಕರಾರಿದೆ. ಹೆತ್ತವರು ಬದುಕಿದ್ದರೂ ಬಡವರೆಂಬ ಕಾರಣಕ್ಕೆ ಮಗುವನ್ನು ಅನಾಥಾಲಯಕ್ಕೆ ಸೇರಿಸುವುದು ತಪ್ಪು. ಅನಾಥಾಲಯಕ್ಕೆ ಸುರಿಯುವ ದುಡ್ಡು ತಾಯಿಯ ಕೈಗೇ ಸೇರಲಿ.