ಸ್ವಯಂಸೇವೆ: ದಯವಿಟ್ಟು ಟೋಕನ್ ಪಡೆಯಿರಿ

ದರ್ಶಿನಿ ಹೋಟೆಲಿನ ಗೋಡೆ ಮೇಲೆ ‘ಸ್ವಯಂ ಸೇವೆ’ ಅಂತ ಬೋರ್ಡು ಇರುತ್ತದಲ್ಲ, ಅದರಲ್ಲಿ ಎರಡು ಪದಗಳ ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ನಿಮ್ಮ ಇಡ್ಲಿ ನೀವೇ ಎತ್ತಿಕೊಂಡು ಹೋಗಿ ತಿನ್ನಿ ಅಂತ ಅದರ ಅರ್ಥ. ಆ ಜಾಗ ಮುಚ್ಚಿ ‘ಸ್ವಯಂಸೇವೆ’ ಅಂತ ಕೂಡಿಸಿ ಬರೆದರೆ ಸಮಾಜಸೇವೆ ಆಗುತ್ತದೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಂಪನಿಗಳ ನೌಕರರನ್ನು ಸಮಾಜಸೇವೆಗೆ ಅಂತ ಕೋಲಾರದ ಕಡೆ ತಂದಿಳಿಸುವ ಎ.ಸಿ. ಬಸ್ಸುಗಳನ್ನು ನೋಡಿದರೆ, ಜಾಗ ಮುಚ್ಚಿದೆಯೋ ಇಲ್ಲವೋ ಅನ್ನುವ ಗುಮಾನಿ ಶುರುವಾಗುತ್ತದೆ.

ಬಸ್ಸಿಗೆ ಮೊದಲು ಇಮೇಲು ಬರುತ್ತದೆ. ‘ಎಲ್ಲ ಸಿಬ್ಬಂದಿ ಸ್ವಯಂಪ್ರೇರಣೆಯಿಂದ ಭಾಗವಹಿಸತಕ್ಕದ್ದು. ಗೈರಾಗುವವರು ಮ್ಯಾನೇಜರ್ ಅನುಮತಿ ಪಡೆಯತಕ್ಕದ್ದು.’ ಅದರ ಕೆಳಗೆ ಲಾಭದ ಪಟ್ಟಿ: ಮನಸ್ಸಿನ ಒತ್ತಡ ಇಳಿಯುತ್ತದೆ, ಬಿ.ಪಿ. ಹತೋಟಿಗೆ ಬರುತ್ತದೆ, ನಾಯಕತ್ವ ಬೆಳೆಯುತ್ತದೆ, ತಂಡ ಒಗ್ಗೂಡುತ್ತದೆ, ಬಯೋಡೇಟಾಕ್ಕೆ ತೂಕ ಬರುತ್ತದೆ. ಕೆರೆಗೆ, ಶಾಲೆಗೆ, ಗಿಡಕ್ಕೆ ಏನು ಸಿಗುತ್ತದೆ ಅನ್ನುವುದು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಅವು ಇಮೇಲು ಓದುವುದಿಲ್ಲ.

ಪಟ್ಟಿ ಪೂರಾ ಸುಳ್ಳು ಅನ್ನುವ ಹಾಗೂ ಇಲ್ಲ. ವರ್ಷಕ್ಕೆ 200 ಗಂಟೆ ಸ್ವಯಂಸೇವೆ ಮಾಡಿದ, 50 ದಾಟಿದ ಅಮೆರಿಕನ್ನರಿಗೆ ಮುಂದಿನ ನಾಲ್ಕು ವರ್ಷಗಳಲ್ಲಿ ರಕ್ತದೊತ್ತಡ ಬರುವ ಅಪಾಯ ಶೇ 40ರಷ್ಟು ಕಡಿಮೆ ಅಂತ 2013ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕಂಡುಕೊಂಡರು. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಸುಮಾರು 13,000 ಜನರನ್ನು ನೋಡಿ, ವರ್ಷಕ್ಕೆ 100 ಗಂಟೆ ದುಡಿದವರಲ್ಲಿ ಸಾವಿನ ಪ್ರಮಾಣವೇ ಕಡಿಮೆ ಎಂದಿತು. ಆಕ್ಸ್‌ಫರ್ಡಿನ ಸಂಶೋಧಕರೊಬ್ಬರು ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ಜಾಲಾಡಿ 2024ರಲ್ಲಿ ಪ್ರಕಟಿಸಿದ್ದು ಇನ್ನೂ ಮಜವಾಗಿದೆ. ಆಫೀಸಿನವರು ನಡೆಸುವ ಧ್ಯಾನದ ಕ್ಲಾಸು, ನಿದ್ದೆಯ ಆ್ಯಪು, ಒತ್ತಡ ನಿಭಾಯಿಸುವ ತರಬೇತಿ ಯಾವುದರಿಂದಲೂ ನೌಕರರ ನೆಮ್ಮದಿ ಹೆಚ್ಚಿದ್ದು ಕಾಣಲಿಲ್ಲ. ಅಷ್ಟೋ ಇಷ್ಟೋ ಗುಣ ಕಂಡಿದ್ದು ಸ್ವಯಂಸೇವೆಯಲ್ಲಿ ಮಾತ್ರ.

ಅಂದಮೇಲೆ ಔಷಧಿ ಇದೆ. ಡೋಸಿನ ಲೆಕ್ಕ ನೋಡೋಣ.

ಬೆಳಿಗ್ಗೆ ಏಳಕ್ಕೆ ಬಸ್ಸು ಹೊರಡಬೇಕು, ಏಳೂಮುಕ್ಕಾಲಿಗೆ ಹೊರಡುತ್ತದೆ. ಕೋಲಾರಕ್ಕೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ನಡುವೆ ಹೈವೇಯಲ್ಲಿ ಇಡ್ಲಿ, ವಡೆ, ಖಾರಾಬಾತ್, ಎರಡು ಸಲ ಕಾಫಿ. ಹತ್ತು ಗಂಟೆಗೆ ಜಾಗ ತಲುಪಿದ ಮೇಲೆ ಟೀ ಶರ್ಟ್ ಹಂಚಿಕೆ. ‘ಎಂ’ ಸೈಜು ಯಾವತ್ತೂ ಮೊದಲೇ ಮುಗಿದಿರುತ್ತದೆ, ಉಳಿದವರೆಲ್ಲ ‘ಡಬಲ್ ಎಕ್ಸ್‌ಎಲ್’ನೊಳಗೆ ನಿಲುವಂಗಿ ತೊಟ್ಟ ಸ್ವಾಮಿಗಳಾಗುತ್ತಾರೆ. ಆಮೇಲೆ ಬ್ಯಾನರ್ ಕಟ್ಟುವುದು, ಬ್ಯಾನರಿನಲ್ಲಿ ದೊಡ್ಡವರ ಹೆಸರು ತಪ್ಪಿದ್ದು ಕಂಡು ಬಿಚ್ಚುವುದು, ಮತ್ತೆ ಕಟ್ಟುವುದು. ಪಂಚಾಯಿತಿ ಸದಸ್ಯರಿಗೆ ಶಾಲು. ಭಾಷಣ. ಡ್ರೋನ್ ಹಾರಿಸಿ ಗುಂಪಿನ ಫೋಟೊ. ಕೆಲಸ ಶುರುವಾಗುವುದು ಹನ್ನೊಂದು ಇಪ್ಪತ್ತಕ್ಕೆ. ಹನ್ನೆರಡಕ್ಕೆ ಬಿಸಿಲೇರಿತು ಅಂತ ಊಟ. ಒಟ್ಟು ಸೇವೆ 40 ನಿಮಿಷ. ವರ್ಷಕ್ಕೊಮ್ಮೆ 40 ನಿಮಿಷದ ಹಾಗೆ 100 ಗಂಟೆ ಮುಟ್ಟಲು 150 ವರ್ಷ ಬೇಕು. ಬಿ.ಪಿ.ಗೆ ಬೇಕಾದ 200 ಗಂಟೆಗೆ 300. ಅಷ್ಟು ವರ್ಷ ಬದುಕುವವರಿಗೆ ಬಿ.ಪಿ. ಇದ್ದರೇನು, ಬಿಟ್ಟರೇನು.

ಇದಕ್ಕಿಂತ ಫಜೀತಿಯದು 2012ರ ಒಂದು ಅಮೆರಿಕನ್ ಅಧ್ಯಯನ. ಬೇರೆಯವರಿಗೆ ಒಳ್ಳೆಯದಾಗಲಿ ಅಂತ ದುಡಿದವರ ಆಯುಸ್ಸಿಗೆ ಅನುಕೂಲವಾಗಿತ್ತು. ತಮಗೆ ಒಳ್ಳೆಯದಾಗಲಿ ಅಂತ ದುಡಿದವರಿಗೂ ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ಸಾವಿನ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಅಂದರೆ ಲಾಭದ ಪಟ್ಟಿ ಓದಿ ಬಸ್ಸು ಹತ್ತಿದವರ ಲಾಭ ಆ ಇಮೇಲಿನಲ್ಲೇ ಮುಗಿಯಿತು. ಪೂರ್ತಿ ಪ್ರಯೋಜನ ಬೇಕಾದವರು ಎಚ್.ಆರ್. ವಿಭಾಗದಿಂದ ಬಂದಿದ್ದನ್ನು ತೆರೆಯದೆ ಅಳಿಸಿ, ದಾರಿ ತಪ್ಪಿ ಬಂದವರ ಹಾಗೆ ಬಸ್ಸು ಹತ್ತಬೇಕು.

ಇನ್ನು 40 ನಿಮಿಷದ ಕೆಲಸ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹೆಚ್ಚಿನ ಪಾಲು ಅದು ಗಿಡ ನೆಡುವುದೇ. ಬಯಲು ಬೇಕಾದಷ್ಟಿದೆ, ಬರಡು ಅಂತ ತೋರಿಸಿದರೆ ಫೋಟೊಕ್ಕೂ ಚೆನ್ನ.

ಗಿಡ ನೆಡುವುದು ಗೊತ್ತಿದ್ದವರಿಗೆ ಸುಲಭ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿಯನ್ನು ತಿಂಗಳು ಮುಂಚೆಯೇ ತೆಗೆದು ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣು ಒಂದು ಕಡೆ, ಅಡಿಮಣ್ಣು ಇನ್ನೊಂದು ಕಡೆ ಹಾಕಿ, ತುಂಬುವಾಗ ಮೇಲ್ಮಣ್ಣಿಗೆ ಎರಡು ಮಂಕರಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ನರ್ಸರಿಯ ಕಪ್ಪು ಕವರನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಬಿಡಿಸಬೇಕು. ತಳದಲ್ಲಿ ಬೇರು ಸಿಂಬೆ ಸುತ್ತಿದ್ದರೆ ಆ ಸುತ್ತನ್ನು ಕತ್ತರಿಸಬೇಕು, ಇಲ್ಲದಿದ್ದರೆ ಬೇರು ಗುಂಡಿಯೊಳಗೇ ಗಿರಕಿ ಹೊಡೆಯುತ್ತದೆ. ಸುತ್ತ ತುಳಿದು ಗಾಳಿ ಹೊರಡಿಸಿ, ಪಾತಿ ಮಾಡಿ, ಕೋಲು ನೆಟ್ಟು ಗೋಣಿದಾರದಿಂದ ಸಡಿಲವಾಗಿ ಕಟ್ಟಬೇಕು. ಪ್ಲಾಸ್ಟಿಕ್ ದಾರ ಬಿಗಿದರೆ ಕಾಂಡ ಬಲಿತ ಹಾಗೆ ಅದೇ ಉರುಳು.

ಕೋಲಾರದ ಕೆಂಪುಮಣ್ಣು ಮಳೆಗೆ ಮುಂಚೆ ಹಾರೆಯನ್ನೇ ವಾಪಸು ಕಳಿಸುತ್ತದೆ. ಕೀಬೋರ್ಡಿನ ಕೈಗೆ ಅದು ಆಗದು ಅಂತ ಹಿಂದಿನ ದಿನವೇ ನಾಲ್ಕು ಆಳು ಹಚ್ಚಿ ಗುಂಡಿ ತೆಗೆಸಿರುತ್ತಾರೆ. ಶನಿವಾರ ಆ ನಾಲ್ವರು ಹೊಂಗೆ ಮರದ ಹಿಂದೆ, ಫೋಟೊದ ಚೌಕಟ್ಟಿನಾಚೆ, ಬೀಡಿ ಹಚ್ಚಿ ಕೂತಿರುತ್ತಾರೆ. ಅವರು ಕೂಲಿ ಪಡೆದವರು, ಹಾಗಾಗಿ ಸ್ವಯಂಸೇವಕರಲ್ಲ. ಪೂರ್ತಿ ಸಂಬಳ, ಊಟ, ಟೀ ಶರ್ಟು, ಸೋಮವಾರ ಬದಲಿ ರಜೆ ಪಡೆದವರು ಸ್ವಯಂಸೇವಕರು.

ಇನ್ನು ನೆಡುವ ದೃಶ್ಯ. ಮೊದಲ ಗಿಡಕ್ಕೆ ದೊಡ್ಡ ಸಾಹೇಬರು ಕೈ ಹಾಕುತ್ತಾರೆ. ಅವರ ಕೈ ಮೇಲೆ ಉಪಾಧ್ಯಕ್ಷರ ಕೈ, ಅದರ ಮೇಲೆ ಇಬ್ಬರು ಮ್ಯಾನೇಜರು, ಪಕ್ಕದಿಂದ ಬಡ್ತಿಗೆ ಕಾದವರೊಬ್ಬರ ಎರಡು ಬೆರಳು. ಇಷ್ಟೊಂದು ಕೈ ಹಿಡಿದ ಗಿಡ ಬೇರು ಬಿಡುವುದಕ್ಕೆ ಮುಂಚೆ ಉಸಿರು ಬಿಡುತ್ತದೆ. ‘ಸರ್, ಇತ್ತ ನೋಡಿ’ ಅನ್ನುವ ಗಡಿಬಿಡಿಯಲ್ಲಿ ಕವರು ಬಿಚ್ಚುವುದನ್ನು ಯಾರೋ ಮರೆತಿರುತ್ತಾರೆ. ನೆನಪಾದವರಿಗೂ ಸಾಹೇಬರ ಕೈಯಿಂದ ಗಿಡ ಕಿತ್ತು ‘ಸ್ವಲ್ಪ ತಡೀರಿ ಸರ್’ ಅನ್ನುವ ಧೈರ್ಯ ಇರುವುದಿಲ್ಲ. ನಾಯಕತ್ವದ ಪಾಠ ಇನ್ನೂ ಅಲ್ಲಿಗೆ ಬಂದಿಲ್ಲ.

ದಿನಾಂಕದ್ದು ಇನ್ನೊಂದು ತಮಾಷೆ. ಜೂನ್ 5 ವಿಶ್ವ ಪರಿಸರ ದಿನ, ಹಾಗಾಗಿ ಅವತ್ತೇ ನೆಡಬೇಕು. ಆದರೆ ಈ ಭಾಗಕ್ಕೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನಿನಲ್ಲಿ ನಾಲ್ಕು ಹನಿ ಹಾಕಿ ಮೋಡ ಮುಂದೆ ಹೋದರೆ ಜುಲೈ ಒಣಒಣ. ಮಲೆನಾಡಿನ ಕ್ಯಾಲೆಂಡರನ್ನು ಬಯಲುಸೀಮೆಯ ಗೋಡೆಗೆ ನೇತುಹಾಕಿದ ಹಾಗೆ. ನೆಟ್ಟಿದ್ದು 200 ಗಿಡ ಅನ್ನಿ. ಮಳೆಯಿಲ್ಲದ ವಾರದಲ್ಲಿ ಗಿಡವೊಂದಕ್ಕೆ ಹತ್ತು ಲೀಟರ್ ಅಂದರೂ ವಾರಕ್ಕೆ 2,000 ಲೀಟರ್, ಅರ್ಧ ಟ್ಯಾಂಕರ್. ಡಿಸೆಂಬರಿನಿಂದ ಮೇ ತನಕ ಇಪ್ಪತ್ತೈದು ವಾರ ಇದು ಆಗಬೇಕು, ಎರಡು ಬೇಸಿಗೆ ದಾಟಬೇಕು. ಬಜೆಟ್ಟಿನಲ್ಲಿ ಡ್ರೋನಿಗೆ ಒಂದು ಸಾಲು ಇರುತ್ತದೆ, ಟ್ಯಾಂಕರಿಗೆ ಇರುವುದಿಲ್ಲ.

ಜಾತಿ ಆಯ್ಕೆಯಲ್ಲೂ ಹಾಗೇ. ಹೊಂಗೆ ಇಲ್ಲಿನ ಬಿಸಿಲು ತಡೆಯುತ್ತದೆ, ಮೇಕೆ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಎಳೆ ಹೊಂಗೆ ಫೋಟೊದಲ್ಲಿ ಕಳೆಯ ಹಾಗೆ ಕಾಣುತ್ತದಂತೆ. ಅದಕ್ಕೆ ಹೂ ಬಿಡುವ ಬಸವನಪಾದ ತರಿಸುತ್ತಾರೆ, ಮೇಕೆಗಳಿಗೆ ಅದು ಮದುವೆ ಊಟ. ಪಕ್ಕದಲ್ಲಿ ಮಂದೆ ಬಿಟ್ಟುಕೊಂಡ ಅಜ್ಜಿ ಕೇಳುವುದೂ ಸರಿಯಾಗಿಯೇ ಇರುತ್ತದೆ: “ಮಣ್ಣಲ್ಲಿ ಯಾಕೆ ಇಕ್ತೀರಾ ಸಾಮಿ, ಇತ್ತಾಗೆ ಕೊಡಿ, ಇವತ್ತೇ ತಿಂತವೆ. ಒಣಗಿಸಿ ಕೊಟ್ರೆ ಮ್ಯಾಕೆ ಮೂಸೋದಿಲ್ಲ.”

ರೈತರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಅದರಲ್ಲಿ ನೆಟ್ಟಿದ್ದಕ್ಕೆ ದುಡ್ಡಿಲ್ಲ. ಮೂರು ವರ್ಷ ಎಣಿಸಿ, ಬದುಕಿ ಉಳಿದ ಗಿಡಕ್ಕೆ ಮಾತ್ರ ಪ್ರೋತ್ಸಾಹಧನ. ಟೀ ಶರ್ಟಿನವರ ಗಿಡಗಳನ್ನು ಎಣಿಸುವುದು ಮಧ್ಯಾಹ್ನ ಹನ್ನೆರಡಕ್ಕೆ, ಊಟಕ್ಕೆ ಮುಂಚೆ. ಆ ಹೊತ್ತಿಗೆ ಬದುಕುಳಿದ ಪ್ರಮಾಣ ನೂರಕ್ಕೆ ನೂರು.

ಗಿಡ ಬೇಡ ಅಂದವರಿಗೆ ಸರ್ಕಾರಿ ಶಾಲೆಯ ಗೋಡೆ. ಸುಣ್ಣದ ಹಳೇ ಗೋಡೆಯನ್ನು ಕೆರೆದು, ಉಜ್ಜುಕಾಗದ ಆಡಿಸಿ, ನೀರು ಜಿನುಗುವ ಕಡೆ ಅದರ ಮೂಲ ಹುಡುಕಿ ಮುಚ್ಚಿ, ಪ್ರೈಮರ್ ಒಂದು ಕೋಟು, ಒಣಗಿದ ಮೇಲೆ ಬಣ್ಣ ಎರಡು ಕೋಟು. ಇದು ಎರಡು ಮೂರು ದಿನದ ಕೆಲಸ. 40 ನಿಮಿಷದಲ್ಲಿ ಆಗುವುದು ಧೂಳಿನ ಸುಣ್ಣದ ಮೇಲೆ ನೇರ ಬಣ್ಣ. ಅದು ಸಂಕ್ರಾಂತಿ ಹೊತ್ತಿಗೆ ಹಪ್ಪಳದ ಹಾಗೆ ಏಳುತ್ತದೆ. ಚಿತ್ರ ಏನು? ಒಂದು ಜಿರಾಫೆ, ಮತ್ತೆ ಮಹಾರಾಷ್ಟ್ರದ ವಾರ್ಲಿ ಬೊಂಬೆಗಳು. ಶ್ರೀನಿವಾಸಪುರದ ಮಕ್ಕಳಿಗೆ ಮಾವಿನಕಾಯಿ ಬರೆಯಬಹುದಿತ್ತು, ಅದು ಇಂಟರ್ನೆಟ್ಟಿನ ಮಾದರಿ ಚಿತ್ರಗಳಲ್ಲಿ ಸಿಕ್ಕಿರಲಿಕ್ಕಿಲ್ಲ.

ಗೋಡೆಯ ಈಚೆ ಬದಿಯಲ್ಲಿ ಐವತ್ತು ಮಂದಿ ಸಾಫ್ಟ್‌ವೇರಿನವರು ಜಿರಾಫೆಯ ಕತ್ತಿಗೆ ಚುಕ್ಕಿ ಇಡುತ್ತಿರುತ್ತಾರೆ. ಆಚೆ ಬದಿಯಲ್ಲಿ ಮುಖ್ಯೋಪಾಧ್ಯಾಯರು ಧ್ವಜಕಟ್ಟೆ ಮೇಲೆ ನಿಂತು, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ ಅಂತ, ಶಿಕ್ಷಣ ಇಲಾಖೆಯ ಸ್ಯಾಟ್ಸ್ ಜಾಲತಾಣಕ್ಕೆ ಮಕ್ಕಳ ವಿವರ ತುಂಬಲು ಮೊಬೈಲನ್ನು ಆಕಾಶಕ್ಕೆ ಹಿಡಿದಿರುತ್ತಾರೆ. ತಂದೆಯ ಹೆಸರಲ್ಲಿ ಒಂದು ಅಕ್ಷರ ಆಧಾರಿಗೆ ಹೊಂದದೆ ಪುಟ ಮೊದಲಿಗೆ ವಾಪಸಾಗುತ್ತದೆ. ಶಾಲೆಯ ಅಂಕಿಅಂಶ ತುಂಬುವ ಯು-ಡೈಸ್ ಇನ್ನೂ ಬಾಕಿ. ಹಾಟ್‌ಸ್ಪಾಟ್ ಕೊಟ್ಟು, ಲ್ಯಾಪ್‌ಟಾಪ್ ಬಿಚ್ಚಿ ಇಬ್ಬರು ಕೂತರೆ ಸಂಜೆಯೊಳಗೆ ಮುಗಿಯುವ ಕೆಲಸ ಅದು. ಲೆಕ್ಕಪತ್ರ ಬಲ್ಲವರೊಬ್ಬರು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಖರ್ಚಿನ ಪುಸ್ತಕ ಸರಿಮಾಡಿಕೊಟ್ಟರೆ ಮೇಷ್ಟ್ರು ಆಮೇಲೆ ಪಾಠ ಮಾಡಬಹುದು. ಅದನ್ನು ಯಾರೂ ಮಾಡುವುದಿಲ್ಲ, ಯಾಕೆಂದರೆ ಲ್ಯಾಪ್‌ಟಾಪಿನ ಮುಂದೆ ಕೂತ ಫೋಟೊ ಹಾಕಿದರೆ ಆಫೀಸಿನಲ್ಲೇ ಇದ್ದ ಹಾಗೆ ಕಾಣುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ; ನೂರಿನ್ನೂರು ರೂಪಾಯಿ, ನಾಲ್ಕು ಸ್ಕ್ರೂ. ಅದಕ್ಕೂ ಫೋಟೊ ಬರುವುದಿಲ್ಲ.

ಕೆರೆ ಸ್ವಚ್ಛತೆಯದು ಎರಡೇ ಮಾತು. ಏರಿ ಮೇಲಿನ ಪ್ಲಾಸ್ಟಿಕ್ ಆಯ್ದು ಮೂಟೆ ಕಟ್ಟಿ, ಮೂಟೆ ಎಲ್ಲಿಗೆ ಹೋಗಬೇಕು ಅಂತ ಯಾರಿಗೂ ತಿಳಿಯದೆ ಏರಿಯ ಕೆಳಗೇ ಬಿಟ್ಟು ಬರುತ್ತಾರೆ. ಕೆರೆಗೆ ನೀರು ಬರುವುದು ರಾಜಕಾಲುವೆಯಿಂದ, ಕಾಲುವೆ ತುಂಬ ಬಳ್ಳಾರಿ ಜಾಲಿ. ಬುಡಸಮೇತ ಕೀಳದೆ ಮೇಲೆ ಸವರಿದರೆ ಮತ್ತೆ ಚಿಗುರುತ್ತದೆ, ಅದರ ಮುಳ್ಳಿಗೆ ಕ್ರೀಡಾ ಬೂಟು ತಡೆಯುವುದಿಲ್ಲ. ಇನ್ನೊಂದು ಸಂಗತಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ಎರಡು ಹಂತ ಶುದ್ಧವಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ, ಮೂರನೇ ಹಂತವೂ ಆಗಲಿ ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ. ಆ ನೀರನ್ನು ಕಳಿಸಿದ ಊರಿನವರೇ ಶನಿವಾರ ಬಂದು ಕೆರೆಯ ಮುಂದೆ ‘ಜಲ ಉಳಿಸಿ’ ಅಂತ ಫಲಕ ಹಿಡಿಯುತ್ತಾರೆ.

ರಕ್ತದಾನ ಒಂದರಲ್ಲಿ ಮಾತ್ರ ನಟನೆಗೆ ಅವಕಾಶ ಕಡಿಮೆ: ತೂಕ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ಮಂಚವೇ ಹತ್ತಿಸುವುದಿಲ್ಲ. ಆದರೂ ಕಂಪನಿಯ ವಾರ್ಷಿಕೋತ್ಸವದ ದಿನವೇ ಎಲ್ಲರದೂ ಒಟ್ಟಿಗೆ ಆಗಬೇಕು. ಪ್ಲೇಟ್‌ಲೆಟ್ ಐದು ದಿನ ಕೆಡದೆ ಇರುತ್ತದೆ, ಕೆಂಪು ಕಣ ಐದಾರು ವಾರ. ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲಿ ರಕ್ತನಿಧಿ ಬರಿದಾದಾಗ ಅದೇ ದಾನಿಗಳು ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಸರದಿಯಲ್ಲಿ ಬರಬಹುದು. ಬರುವುದಿಲ್ಲ, ಅವತ್ತು ಬ್ಯಾನರ್ ಇರುವುದಿಲ್ಲ.

ಇದೆಲ್ಲ ಕಾನೂನಿನ ಕಾಟ ಅಂತ ಕೆಲವರು ಗೊಣಗುತ್ತಾರೆ. ಪಾಪ, ಕಾನೂನಿನ ತಪ್ಪಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳಿಗೆ ಹೇಳಿದ್ದು, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟು ಸಮಾಜಕ್ಕೆ ಖರ್ಚು ಮಾಡಿ ಅಂತ. ನೌಕರರ ಸ್ವಯಂಸೇವೆಯ ಗಂಟೆಗಳಿಗೆ ಬೆಲೆ ಕಟ್ಟಿ ಆ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ ಅಂತಲೂ, ಮ್ಯಾರಥಾನಿನಂಥ ಒಂದು ದಿನದ ಕಾರ್ಯಕ್ರಮ ಆ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಬಿಡಿಸಿ ಹೇಳಿದೆ. ಅಂದರೆ ಆ 40 ನಿಮಿಷಕ್ಕೆ ಸರ್ಕಾರ ಕಟ್ಟಿದ ಬೆಲೆ ಸೊನ್ನೆ. ಕಟ್ಟಿದವರಿಗೆ ಕೃಷಿ ಅನುಭವ ಇದ್ದಿರಬೇಕು.

ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಎರಡು ವರ್ಷದಲ್ಲಿ 240 ಗಂಟೆ ದುಡಿದು, ಏಳು ದಿನ ಹಳ್ಳಿಯ ಶಿಬಿರದಲ್ಲಿ ಮಲಗೆದ್ದು ಒಂದು ಸರ್ಟಿಫಿಕೇಟ್ ಪಡೆಯುತ್ತಾರೆ. 1969ರಲ್ಲಿ ಶುರುವಾದ ಆ ಯೋಜನೆಯ ಘೋಷವಾಕ್ಯ ‘ನನಗಲ್ಲ, ನಿನಗೆ’. ಕಂಪನಿಯ ಸರ್ಟಿಫಿಕೇಟ್ ವಾಪಸು ಬರುವ ಬಸ್ಸಿನಲ್ಲೇ, ನರಸಾಪುರ ದಾಟುವುದರೊಳಗೆ, ಮೊಬೈಲಿಗೆ ಬರುತ್ತದೆ.

ಮುಂದಿನ ವರ್ಷ ಮೇ ಕೊನೆಗೆ ಅದೇ ನಾಲ್ಕು ಆಳು ಅದೇ ಬಯಲಿಗೆ ಬರುತ್ತಾರೆ. ಹಾರೆ ಹಾಕಿದ ಕಡೆ ಕಪ್ಪು ಕವರು ಹಾಗೇ ಇಡಿಯಾಗಿ ಮೇಲೆ ಬರುತ್ತದೆ, ಒಳಗೆ ಸಿಂಬೆ ಸುತ್ತಿದ ಒಣ ಬೇರು, ಪಕ್ಕದಲ್ಲಿ ದೊಡ್ಡ ಸಾಹೇಬರ ಹೆಸರಿನ ಫಲಕ. ಕವರು ಕೊಡವಿ ಆಚೆ ಎಸೆದು, ಫಲಕ ಒರೆಸಿ ಎತ್ತಿಡುತ್ತಾರೆ. ಅದು ಮತ್ತೆ ಬೇಕಾಗುತ್ತದೆ. ಸಂಜೆ ಕಾರ್ಯಕ್ರಮದ ಗುತ್ತಿಗೆ ಹಿಡಿದವನು ಬಂದು ಗುಂಡಿ ಎಣಿಸಿ, ಕಾಲಲ್ಲಿ ಮಣ್ಣು ಒದ್ದು ನೋಡಿ, ಗುಂಡಿಗೆ ಹತ್ತು ರೂಪಾಯಿ ಕಮ್ಮಿ ಮಾಡಿಕೊಳ್ಳಿ ಅಂತ ಚೌಕಾಸಿಗೆ ಇಳಿಯುತ್ತಾನೆ. “ಹೋದ ವರ್ಷ ತೆಗ್ದಿರೋ ಗುಂಡಿಗಳೇ ಅಲ್ವೇನಣ್ಣ, ಮಣ್ಣು ಸಡಿಲ ಐತೆ.”